ಎಂಬತ್ತು ಗ್ರಾಂ

ಫೆಬ್ರವರಿ 3

ಪ್ರೀತಿಯ ಅಪ್ಪನಿಗೆ,

ನಿನ್ನ ಬಲಗಿವಿಯೂ ಈಗ ಎಡಗಿವಿಯ ದಾರಿ ಹಿಡಿದಿದೆಯೆಂದು ಚಿಕ್ಕಮ್ಮ ಫೋನಿನಲ್ಲಿ ಹೇಳಿದಳು. "ನೀನು ಅಲ್ಲಿಂದ ಕೂಗಿದ್ರೆ ನಮ್ಮ ಪಕ್ಕದ ಮನೆಯವರಿಗೆ ಕೇಳಿಸುತ್ತೆ, ನಿಮ್ಮಪ್ಪನಿಗೆ ಮಾತ್ರ ಇಲ್ಲ. ಕಾಗದ ಬರಿ" ಎಂದಳು. ಅದಕ್ಕೇ ಬರೆಯುತ್ತಿದ್ದೇನೆ. ಹನ್ನೆರಡು ವರ್ಷದಿಂದ ನಿನಗೆ ಕಳಿಸಿದ್ದೆಲ್ಲ ಹೋಟೆಲುಗಳ ಪೋಸ್ಟ್‌ಕಾರ್ಡು, ಎರಡು ಸಾಲು ಮತ್ತು ಸಹಿ. ಉದ್ದ ಬರೆಯುವ ಅಭ್ಯಾಸ ತಪ್ಪಿದೆ.

ಮೂರು ಕಛೇರಿ ಬಿಟ್ಟೆ. ಪತ್ರಿಕೆಯಲ್ಲಿ ಜ್ವರ ಎಂದು ಬಂದಿದೆ. ಜ್ವರವಲ್ಲ ಅಪ್ಪ. ಬಲಗೈ ಹೇಳಿದ ಮಾತು ಕೇಳುತ್ತಿಲ್ಲ.

ನೋವಿಲ್ಲ. ಲೋಟ ಹಿಡಿಯುತ್ತದೆ, ಗುಂಡಿ ಹಾಕುತ್ತದೆ, ಈ ಕಾಗದವನ್ನು ಬರೆಯುತ್ತಿರುವುದೂ ಅದೇ ಕೈ. ಪಿಯಾನೋ ಮುಂದೆ ಕೂತಾಗ ಮಾತ್ರ ಎರಡು ಬೆರಳು ಬೈಸಿಕೊಂಡ ಮಕ್ಕಳ ಹಾಗೆ ಒಳಕ್ಕೆ ಮಡಚಿಕೊಳ್ಳುತ್ತವೆ. ಹೋದ ತಿಂಗಳು ಒಂದು ಮಧ್ಯಾಹ್ನದ ಕಛೇರಿಯಲ್ಲಿ, ಪಿಟೀಲಿನವರ ಜೊತೆ ನುಡಿಸುವಾಗ, ಹಾಗೇ ಆಯಿತು. ಉಳಿದ ಮೂರು ಬೆರಳಿನಲ್ಲೇ ದಡ ಮುಟ್ಟಿಸಿದೆ. ಕೇಳುಗರಿಗೆ ಗೊತ್ತಾಗಲಿಲ್ಲ. ನನ್ನ ಪಕ್ಕ ಪುಟ ತಿರುಗಿಸಲು ಕೂತಿದ್ದ ಹೆಂಗಸು ಮಾತ್ರ ಒಂದು ಪುಟವನ್ನು ತಡವಾಗಿ ತಿರುಗಿಸಿದಳು. ಅವಳು ಹಾಳೆ ಬಿಟ್ಟು ನನ್ನ ಕೈ ನೋಡುತ್ತಿದ್ದಳು.

ನರದ ಡಾಕ್ಟರನ್ನು ಕಾಣುತ್ತಿದ್ದೇನೆ. ಸೆಪ್ಟೆಂಬರಿನಲ್ಲಿ ನಮ್ಮೂರ ಸಭಾಂಗಣದಲ್ಲಿ ನನ್ನ ಕಛೇರಿ ಇದೆಯಲ್ಲ, ಅಷ್ಟು ಹೊತ್ತಿಗೆ ಸರಿಹೋಗಬೇಕು. ಮೂವತ್ತು ವರ್ಷ ಅಲ್ಲಿನ ಪಿಯಾನೋಗೆ ಶ್ರುತಿ ಮಾಡಿ ಹಿಂದಿನ ಬಾಗಿಲಿನಿಂದ ಹೊರಗೆ ಬಂದಿದ್ದೀಯ. ಒಂದು ದಿನವಾದರೂ ಮುಂದಿನ ಸಾಲಿನಲ್ಲಿ ಕೂರಬೇಕು ನೀನು. ಕೇಳಿಸದಿದ್ದರೆ ನೋಡು.

ನಿನ್ನ ಚೋಟು

•

ಫೆಬ್ರವರಿ 15

ಚೋಟು,

ಕಾಗದ ಎರಡು ಸಲ ಓದಿದೆ. ಕೈಗೆ ಬಿಸಿನೀರಿನ ಶಾಖ ಕೊಡು, ಆದರೆ ತುಂಬ ಬಿಸಿ ಬೇಡ. ಕಿಟಕಿ ಪಕ್ಕ ಮಲಗಬೇಡ. ಇದನ್ನೆಲ್ಲ ಡಾಕ್ಟರೂ ಹೇಳಿರಬಹುದು.

ನಾನು ಕೆಲಸ ಕಡಿಮೆ ಮಾಡಿದ್ದೇನೆ. ಕೆಳಗಿನ ಸ್ವರಗಳು ಚೆನ್ನಾಗಿಯೇ ಕೇಳಿಸುತ್ತವೆ. ಮೇಲಿನವನ್ನು ಕೈಯ ಅಂದಾಜಿನ ಮೇಲೆ ಮಾಡುತ್ತೇನೆ. ನಲವತ್ತು ವರ್ಷದ ಕೈ, ಇಲ್ಲಿಯವರೆಗೆ ಯಾರೂ ದೂರು ಹೇಳಿಲ್ಲ. ನಿನ್ನ ಚಿಕ್ಕಮ್ಮ ಮಾತ್ರ ಬಿಡುವುದಿಲ್ಲ. ನಿನ್ನೆ ಊಟ ತಂದುಕೊಟ್ಟು, "ಭಾವ, ನಿಮಗೊಂದು ಗುಟ್ಟು ಹೇಳೋಣ ಅಂದ್ರೆ ಇಡೀ ಬೀದಿಗೆ ಹೇಳಿದ ಹಾಗಾಗುತ್ತೆ" ಎಂದಳು. ಗುಟ್ಟೇನೆಂದರೆ ಸಾರಿಗೆ ಉಪ್ಪು ಜಾಸ್ತಿಯಾಗಿತ್ತು.

ನಿನ್ನ ಪಿಯಾನೋ ಅದೇ ಜಾಗದಲ್ಲಿದೆ. ವಾರಕ್ಕೊಮ್ಮೆ ಧೂಳು ಒರೆಸುತ್ತೇನೆ.

ಎರಡು ಬೆರಳು ಎಂದು ಬರೆದಿದ್ದೀ. ಯಾವ ಎರಡು?

ಅಪ್ಪ

•

ಮಾರ್ಚ್ 2

ಪ್ರೀತಿಯ ಅಪ್ಪನಿಗೆ,

ಉಂಗುರದ ಬೆರಳು, ಕಿರುಬೆರಳು.

ಡಾಕ್ಟರ್ ಒಳ್ಳೆಯವರು, ಮಾತು ಕಡಿಮೆ. ತಪ್ಪು ಕೈಯಲ್ಲಿಲ್ಲ, ತಲೆಯಲ್ಲಿದೆ ಎಂದರು. ತಲೆಯೊಳಗೆ ಒಂದೊಂದು ಬೆರಳಿಗೂ ಒಂದೊಂದು ಜಾಗ ಇರುತ್ತದಂತೆ. ವರ್ಷಗಟ್ಟಲೆ ಮಿತಿಮೀರಿದ ಬಲ ಹಾಕಿ ಒಂದೇ ಕೆಲಸ ಮಾಡಿದರೆ ಕೆಲವರಲ್ಲಿ ಆ ಜಾಗಗಳ ನಡುವಿನ ಗೆರೆ ಅಳಿಸಿಹೋಗುತ್ತದೆ. ಆಮೇಲೆ ಒಂದನ್ನು ಕರೆದರೆ ಎರಡೂ ಬರುತ್ತವೆ. ಹೀಗೆಯೇ ಆಗಿದೆ ಎಂದು ಖಚಿತವಾಗಿ ಹೇಳಲು ಬರುವುದಿಲ್ಲ ಎಂದೂ ಹೇಳಿದರು.

ನನ್ನ ಬಾಲ್ಯದ್ದೆಲ್ಲ ಕೇಳಿ ಬರೆದುಕೊಂಡರು. ಒಂಬತ್ತನೇ ವಯಸ್ಸಿನಿಂದ ದಿನಕ್ಕೆ ನಾಲ್ಕು ಗಂಟೆ ಎಂದೆ. ಎಂಥ ಪಿಯಾನೋ ಎಂದರು. ನಮ್ಮಪ್ಪ ಪಿಯಾನೋ ರಿಪೇರಿಯವರು, ಹಳೆಯದೊಂದನ್ನು ತಂದು ತಾವೇ ಕೈಯಾರೆ ಸರಿಮಾಡಿದ್ದರು ಎಂದೆ. ಹಾಗಾದರೆ ಅವರಿಗೆ ಗೊತ್ತಿರುತ್ತದೆ, ಕೀ ಕೆಳಗಿಳಿಯಲು ಎಷ್ಟು ಗ್ರಾಂ ಬೇಕಾಗುತ್ತಿತ್ತು ಕೇಳಿ ಎಂದರು. ಕೀ ಮೇಲೆ ಆ ಹಿತ್ತಾಳೆಯ ಪುಟ್ಟ ತೂಕಗಳನ್ನು ಒಂದರ ಮೇಲೊಂದು ಇಟ್ಟು, ಅದು ಯಾವಾಗ ತಲೆ ಬಾಗಿಸುತ್ತದೆ ಎಂದು ಉಸಿರು ಹಿಡಿದು ನೋಡುತ್ತಿದ್ದೆಯಲ್ಲ, ನೆನಪಾಯಿತು. ಎಲ್ಲಕ್ಕಿಂತ ಚಿಕ್ಕದನ್ನು ನಾನು ಕದ್ದಿದ್ದೆ. ಈಗಲೂ ನನ್ನ ಪರ್ಸಿನಲ್ಲಿದೆ.

ಸಂಗೀತಶಾಲೆಯಲ್ಲಿ ಮೊದಲ ವರ್ಷ ನನಗಿಟ್ಟ ಹೆಸರು ನಿನಗೆ ಹೇಳಿರಲಿಲ್ಲ. ಬಡಗಿ. "ಬಡಗಿ ಬಂದ್ಲು, ಕಿವಿ ಮುಚ್ಕೊಳ್ರೋ" ಎನ್ನುತ್ತಿದ್ದರು. ನಮ್ಮ ಮೇಷ್ಟ್ರು ಮಾತ್ರ ನನ್ನ ಕೈ ತಿರುಗಿಸಿ ನೋಡಿ, "ಇಷ್ಟು ಬಲ ಎಲ್ಲಿಂದ ತಂದೆ ಮಗು?" ಎಂದಿದ್ದರು. ಆಮೇಲೆ ಪತ್ರಿಕೆಗಳು ಅದನ್ನೇ ಗುಡುಗು ಎಂದವು. ಬಡಗಿಯಿಂದ ಗುಡುಗಿಗೆ ಬಡ್ತಿ.

ಎಷ್ಟು ಗ್ರಾಂ ಎಂದು ಮರೆಯದೆ ಬರಿ.

ನಿನ್ನ ಚೋಟು

•

ಮಾರ್ಚ್ 12

ಚೋಟು,

ಐವತ್ತು ಗ್ರಾಂ. ಎಲ್ಲ ಕಡೆ ಇರುವಷ್ಟೇ.

ಇಲ್ಲಿ ಎಲ್ಲ ಕ್ಷೇಮ. ಹೋದ ವಾರ ಹೆಣ್ಣುಮಕ್ಕಳ ಶಾಲೆಯಿಂದ ಕರೆ ಬಂತು. ಹೆಡ್‌ಮೇಡಂ, "ಕೆಳಗಿನ ಸ್ವರ ಎಲ್ಲ ನಡುಗುತ್ತೆ ಕಣ್ರೀ" ಎಂದರು. ಕೆಳಗಿನ ಹಲಗೆ ತೆಗೆದರೆ ಒಳಗೆ ಇಲಿ ಸಂಸಾರ ಹೂಡಿದೆ. ತಂತಿಗೆ ಬಡಿಯುವ ಪುಟ್ಟ ಸುತ್ತಿಗೆಗಳ ಉಣ್ಣೆ ಕಿತ್ತು ಹಾಸಿಗೆ ಮಾಡಿಕೊಂಡು ಐದು ಮರಿ ಹಾಕಿತ್ತು. "ಮೇಡಂ, ಸ್ವರಕ್ಕೇನೂ ಆಗಿಲ್ಲ, ಒಳಗೆ ಬಾಣಂತಿ ಇದ್ದಾಳೆ" ಎಂದೆ. ಅವರು ಕುರ್ಚಿಯ ಮೇಲೆ ಹತ್ತಿದವರು ನಾನು ಹೋಗುವ ತನಕ ಇಳಿಯಲಿಲ್ಲ. ಮರಿಗಳನ್ನು ಟೋಪಿಯಲ್ಲಿ ಹಾಕಿಕೊಂಡು ಬಂದು ಹಿತ್ತಲಲ್ಲಿ ಬಿಟ್ಟೆ. ಚಿಕ್ಕಮ್ಮ ಈಗ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಬಿಟ್ಟಿದ್ದು ನನಗೆ ಗೊತ್ತಾಗಲು ಎರಡು ದಿನ ಬೇಕಾಯಿತು.

ಮೆಟ್ಟಿಲ ಹತ್ತಿರದ ದೀಪ ಬದಲಾಯಿಸಿದೆ. ಬಾಗಿಲಿಗೆ ಬಣ್ಣ ಹೊಡೆಸಬೇಕು.

ಅಪ್ಪ

ಐವತ್ತು ಎಂದೇ ಡಾಕ್ಟರಿಗೆ ಹೇಳು. ಬರೆದುಕೊಂಡೆಯಲ್ಲ?

•

ಮೇ 6

ಪ್ರೀತಿಯ ಅಪ್ಪನಿಗೆ,

ಎರಡು ತಿಂಗಳು ಬರೆಯಲಿಲ್ಲ. ಬರೆಯುವಂಥದ್ದು ಇರಲಿಲ್ಲ. ಬೆಳಿಗ್ಗೆ ಬೆರಳಿಗೆ ಪಟ್ಟಿ ಕಟ್ಟಿಕೊಂಡು, ಒಂದೊಂದೇ ಬೆರಳನ್ನು ಎತ್ತಿ ಇಳಿಸುವ ಅಭ್ಯಾಸ. ಹತ್ತು ನಿಮಿಷಕ್ಕೆ ಬೆವರುತ್ತೇನೆ. ಬೇಸಿಗೆಯ ಕಛೇರಿಗಳೆಲ್ಲ ಹೋದವು. ಮ್ಯಾನೇಜರ್ ಮೇಡಂ ಈಗ ಫೋನು ಮಾಡಿದಾಗ ನನ್ನ ಕೈ ವಿಚಾರಿಸುವುದಿಲ್ಲ, ನನ್ನ ಆರೋಗ್ಯ ವಿಚಾರಿಸುತ್ತಾರೆ. ಸೆಪ್ಟೆಂಬರಿನದ್ದನ್ನು ಮಾತ್ರ ಬಿಟ್ಟುಕೊಟ್ಟಿಲ್ಲ. ಜುಲೈ ಒಂದರೊಳಗೆ ಹೇಳಬೇಕಂತೆ.

ಆದರೆ ಒಂದು ವಿಷಯ ಇದೆ, ಅದಕ್ಕೇ ಬರೆಯುತ್ತಿದ್ದೇನೆ. ಹೋದ ಗುರುವಾರ ಸಂಗೀತಶಾಲೆಯ ಉಗ್ರಾಣದಲ್ಲಿ ಮೂಲೆಗೆ ತಳ್ಳಿದ ಒಂದು ಹಳೆಯ ಪಿಯಾನೋ ಮುಂದೆ ಸುಮ್ಮನೆ ಕೂತೆ. ಕೀಗಳು ಕಲ್ಲಿನಷ್ಟು ಭಾರ. ಅಪ್ಪ, ಬೆರಳು ತೆರೆದುಕೊಂಡವು! ಎರಡೂ! ಕಾಲು ಗಂಟೆ ನುಡಿಸಿದೆ, ಚಿಕ್ಕಂದಿನ ಅಭ್ಯಾಸದ ಪಾಠಗಳನ್ನೇ. ಅತ್ತುಬಿಟ್ಟೆ. ಆಮೇಲೆ ಮತ್ತೆ ಮಡಚಿಕೊಂಡವು. ಡಾಕ್ಟರಿಗೆ ಹೇಳಿದರೆ ಮೊದಲ ಸಲ ಕುರ್ಚಿ ಮುಂದಕ್ಕೆಳೆದು ಕೂತರು. ಕೆಲವರಿಗೆ ಹೀಗಾಗುತ್ತದಂತೆ; ಕೈಗೆ ತಗಲುವ ಭಾರ ಬದಲಾದರೆ ತಲೆ ಹಳೆಯ ದಾರಿ ಹುಡುಕಿಕೊಳ್ಳುತ್ತದೆ. ಅಲ್ಲಿಂದ ನಿಧಾನವಾಗಿ ಮತ್ತೆ ಕಟ್ಟಬಹುದು, ಆದರೆ ಕೈಗೆ ಚೆನ್ನಾಗಿ ಗೊತ್ತಿರುವ ಪಿಯಾನೋ ಆದರೆ ಒಳ್ಳೆಯದು ಎಂದರು.

ನಮ್ಮ ಪಿಯಾನೋ ನನ್ನ ನೆನಪಿನಲ್ಲಿ ಹಾಗೇ ಇದೆ, ಭಾರವಾಗಿ. ನೀನು ಐವತ್ತು ಎನ್ನುತ್ತೀಯ. ನನ್ನ ಕೈ ಒಪ್ಪುತ್ತಿಲ್ಲ. ಜೂನ್ ಎರಡನೇ ವಾರ ಎಂಟು ದಿನದ ಮಟ್ಟಿಗೆ ಬರುತ್ತೇನೆ. ಕದ್ದ ತೂಕವನ್ನೂ ತರುತ್ತೇನೆ, ಇಬ್ಬರೂ ಕೂತು ಅಳೆಯೋಣ. ನಿನ್ನ ಲೆಕ್ಕ ತಪ್ಪಾಗಿದ್ದರೆ ಚಿಕ್ಕಮ್ಮನ ಮುಂದೆ ಕಿವಿ ಹಿಡಿದುಕೊಳ್ಳಬೇಕು ನೀನು.

ನಿನ್ನ ಚೋಟು

•

ಮೇ 17

ಚೋಟು,

ಬಾ. ಮೇಲಿನ ಕೋಣೆ ಗುಡಿಸಿಟ್ಟಿದ್ದೇನೆ. ಪಿಯಾನೋವನ್ನು ಬಿಚ್ಚಿ ಸ್ವಚ್ಛ ಮಾಡುತ್ತಿದ್ದೇನೆ, ನೀನು ಬರುವ ಹೊತ್ತಿಗೆ ಮುಗಿಯುತ್ತದೆ.

ಅಪ್ಪ

•

ಜುಲೈ 2

ಪ್ರೀತಿಯ ಅಪ್ಪನಿಗೆ,

ಊರಿಂದ ಬಂದು ಎರಡು ವಾರವಾಯಿತು. ರೈಲಿಗೆ ನನ್ನನ್ನು ಹತ್ತಿಸಿದ ಮೇಲೂ ನೀನು ಕೈ ಬೀಸದೆ ನಿಂತೇ ಇದ್ದೆ. ಏನೋ ಹೇಳಬೇಕೆಂದಿದ್ದೆಯೇನೋ ಎನ್ನಿಸಿತು. ಅಷ್ಟರಲ್ಲಿ ರೈಲು ಹೊರಟಿತು.

ನೀನು ಬೇಜಾರು ಮಾಡಿಕೊಳ್ಳಬೇಡ. ನೀನು ಹೇಳಿದ್ದೇ ಸರಿ, ಐವತ್ತು ಗ್ರಾಂ. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಕೀ ತಲೆ ಬಾಗಿಸಿದಾಗ ನಿನ್ನ ಮುಖ ನೋಡಿದೆ. ಗೆದ್ದವನ ಮುಖ ಇರಬೇಕಿತ್ತು. ನನಗಾಗಿ ಸಂಕಟಪಡುತ್ತಿದ್ದೆ ನೀನು. ಚಿಕ್ಕಂದಿನಲ್ಲಿ ಎಲ್ಲವೂ ದೊಡ್ಡದಾಗಿ ಕಾಣುತ್ತದೆ, ನಮ್ಮ ಬೀದಿಯೂ ನನ್ನ ನೆನಪಿಗಿಂತ ಕಿರಿದು. ಹಾಗೆಯೇ ಪಿಯಾನೋ ಕೂಡ ಇರಬೇಕು. ಎಂಟು ದಿನವೂ ಅದರ ಮುಂದೆ ಕೂತೆ. ಬೆರಳಿನ ಕೆಳಗೆ ಕೀಗಳು ನೀರಿನ ಹಾಗೆ ಜಾರಿದವು. ಒಂದು ಸಲವೂ ಕೈ ತೆರೆಯಲಿಲ್ಲ. ನನ್ನ ಕೈ ಬೆಳೆದದ್ದು ಇದರ ಮೇಲಲ್ಲವೇನೋ, ಬೇರೆ ಯಾರದೋ ಮನೆಗೆ ಬಂದು ಕೂತಿದ್ದೇನೇನೋ ಎನ್ನಿಸುತ್ತಿತ್ತು.

ನೀನು ಎಷ್ಟು ಚೆನ್ನಾಗಿ ಸ್ವಚ್ಛ ಮಾಡಿದ್ದೆ. ಒಳಗಿನಿಂದ ಹೊಸ ಗೋಂದಿನ ವಾಸನೆ ಬರುತ್ತಿತ್ತು. ನನಗಾಗಿ ಇಷ್ಟೆಲ್ಲ ಮಾಡಿದ್ದೀಯಲ್ಲ ಎಂದುಕೊಂಡೆ. ನಿನ್ನ ಕೆಲಸದ ಮೇಜಿನ ಕೆಳಗಿದ್ದ ಬಿಸ್ಕತ್ತಿನ ಡಬ್ಬಿಯನ್ನು ಎಡವಿ ಕಾಲಿನ ಹೆಬ್ಬೆರಳ ಉಗುರು ಕಪ್ಪಾಗಿದೆ, ಇನ್ನೂ ಹೋಗಿಲ್ಲ. ಅಷ್ಟು ಮೊಳೆ ಯಾಕೆ ಕೂಡಿಡುತ್ತೀಯ?

ಸೆಪ್ಟೆಂಬರಿನ ಕಛೇರಿ ಬೇಡವೆಂದು ನಿನ್ನೆ ಬರೆದುಕೊಟ್ಟೆ. ಅದರ ಜೊತೆಗೆ ಉಳಿದದ್ದೆಲ್ಲವನ್ನೂ. ಮ್ಯಾನೇಜರ್ ಮೇಡಂ, "ಯಾವಾಗ ಬೇಕಾದ್ರೂ ವಾಪಸ್ ಬಾಮ್ಮ" ಎಂದರು. ಹಾಗೆ ಹೇಳಿ ನನ್ನ ಫೋಟೊಗಳಿದ್ದ ಲಕೋಟೆಯನ್ನು ನನ್ನ ಕೈಗೇ ಕೊಟ್ಟರು.

ಒಂದು ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುವ ಕೆಲಸ ಸಿಕ್ಕಿದೆ. ಅದಕ್ಕೆ ಮೂರು ಬೆರಳು ಸಾಕು.

ನಿನ್ನ ಚೋಟು

•

ಜುಲೈ 20

ಚೋಟು,

ಆ ಡಬ್ಬಿಯಲ್ಲಿದ್ದದ್ದು ಮೊಳೆಯಲ್ಲ.

ನಿನ್ನಮ್ಮ ಹೋದ ಮರುವರ್ಷ, ನಿನಗೆ ಒಂಬತ್ತು. ನಿನ್ನನ್ನು ಪರೀಕ್ಷೆ ಮಾಡಲು ಬಂದಿದ್ದ ಒಬ್ಬ ಸಂಗೀತದ ಮೇಷ್ಟ್ರು ನಿನ್ನ ತಲೆ ಸವರಿ ಹೊರಗೆ ಕಳಿಸಿ ನನಗೆ ಹೇಳಿದರು, "ಹುಡುಗಿಗೆ ಕಿವಿ ಇದೆ, ಬೆರಳಿಲ್ಲ ಕಣ್ರೀ. ಹತ್ತಿ ಇದ್ದ ಹಾಗಿದೆ. ಆಸೆ ಇಟ್ಕೋಬೇಡಿ." ನನಗೆ ಸಂಗೀತ ಹೇಳಿಕೊಡಲು ಬರುವುದಿಲ್ಲ. ಒಂದು ಹಾಡು ನುಡಿಸಲೂ ಬರುವುದಿಲ್ಲ. ಮರದ ಕೆಲಸ ಬರುತ್ತದೆ. ನೀನು ಚಿಕ್ಕಮ್ಮನ ಮನೆಗೆ ಹೋಗಿದ್ದ ಒಂದು ಭಾನುವಾರ ಕೀಗಳನ್ನೆಲ್ಲ ಹೊರತೆಗೆದು, ಒಂದೊಂದರ ಹಿಂಬದಿಯಲ್ಲೂ ಬೈರಿಗೆಯಿಂದ ತೂತು ಕೊರೆದು ಸೀಸದ ಬಿಲ್ಲೆ ಕೂರಿಸಿದೆ. ಹಿಂದೆ ಭಾರ ಇಟ್ಟರೆ ಮುಂದೆ ಒತ್ತುವುದು ಕಷ್ಟವಾಗುತ್ತದೆ, ತಕ್ಕಡಿಯ ಹಾಗೆ. ಐವತ್ತು ಇದ್ದದ್ದು ಅರವತ್ತೈದಾಯಿತು. ನಿನಗೆ ಹನ್ನೆರಡಾದಾಗ ಇನ್ನೊಂದು ಬಿಲ್ಲೆ. ಎಂಬತ್ತು ಗ್ರಾಂ.

ಒಂದು ದಿನ ನೀನು ಅಡುಗೆಮನೆ ಬಾಗಿಲಿಗೆ ಬಂದು, "ಅಪ್ಪಾ, ಪಿಯಾನೋ ಇವತ್ತು ಭಾರ ಇದೆ" ಎಂದೆ. ನಾನು ಪಾತ್ರೆ ತೊಳೆಯುತ್ತಿದ್ದೆ. "ಪಿಯಾನೋ ಇದ್ದ ಹಾಗೇ ಇದೆ. ನಿನ್ನ ಕೈ ಸೋಮಾರಿ ಆಗಿದೆ, ಹೋಗು" ಎಂದೆ. ನೀನು ಹೋದೆ. ಮತ್ತೆ ಯಾವತ್ತೂ ಹಾಗೆ ಹೇಳಲಿಲ್ಲ.

ಗುಡುಗು ಎಂದು ಪತ್ರಿಕೆಯಲ್ಲಿ ಬಂದದ್ದನ್ನು ಕತ್ತರಿಸಿ ಬೀರುವಿನ ಬಾಗಿಲ ಒಳಮೈಗೆ ಅಂಟಿಸಿದ್ದೇನೆ. ಅದರಲ್ಲಿ ನನ್ನದೂ ಒಂದು ಪಾಲು ಎಂದು ಇಷ್ಟು ವರ್ಷ ಒಳಗೊಳಗೇ ಬೀಗುತ್ತಿದ್ದೆ. ಭಾರದ ಕೀ ಮೊದಲು ದಣಿಸುವುದು ಕೊನೆಯ ಎರಡು ಬೆರಳುಗಳನ್ನು. ಯಾವ ಎರಡು ಬೆರಳು ಎಂದು ನಿನ್ನನ್ನು ಕೇಳಿ, ಹೆಬ್ಬೆರಳು ಎಂದು ಉತ್ತರ ಬರಲಿ ಎಂದು ಹದಿನೈದು ದಿನ ಕಾದೆ.

ಮೇ ತಿಂಗಳ ನಿನ್ನ ಕಾಗದದಲ್ಲಿ ಭಾರದ ಕೀ ಒತ್ತಿದಾಗ ಕೈ ತೆರೆಯಿತು ಎಂದು ಸ್ಪಷ್ಟವಾಗಿಯೇ ಬರೆದಿದ್ದೆ. ನನ್ನ ಕಣ್ಣಿಗೆ ಬಿದ್ದದ್ದು 'ಅಳೆಯೋಣ' ಎಂಬ ಒಂದೇ ಮಾತು. ಐವತ್ತು ಎಂದು ಹೇಳಿದ್ದೆ, ಐವತ್ತು ಮಾಡಿಟ್ಟೆ. ಹನ್ನೊಂದು ದಿನ ಕೂತು ಎಂಬತ್ತೆಂಟು ಕೀಗಳಿಂದಲೂ ಸೀಸ ಹೊಡೆದು ತೆಗೆದು, ತೂತುಗಳಿಗೆ ಮರದ ಬೆಣೆ ಇಟ್ಟು ಗೋಂದು ಹಾಕಿದೆ. ಹಗುರ ಇದ್ದರೆ ಪೆಟ್ಟಾದ ಕೈಗೆ ಒಳ್ಳೆಯದೇ ಎಂದು ನನಗೆ ನಾನೇ ಹೇಳಿಕೊಂಡೆ. ನೀನು ಎಂಟು ದಿನ ಕೂತಿದ್ದ ಸ್ಟೂಲಿನಿಂದ ಆ ಡಬ್ಬಿ ನಾಲ್ಕು ಹೆಜ್ಜೆ ದೂರವಿತ್ತು.

ರೈಲಿನ ಹತ್ತಿರ ಹೇಳಬೇಕೆಂದಿದ್ದೆ. ನೀನು ಕಿಟಕಿಯಿಂದ ಏನೋ ಹೇಳಿದೆ. ನನಗೆ ಕೇಳಿಸಲಿಲ್ಲ, ತಲೆಯಾಡಿಸಿದೆ.

ಅಪ್ಪ

•

ಸೆಪ್ಟೆಂಬರ್ 19

ಚೋಟು,

ಎರಡು ತಿಂಗಳಾಯಿತು. ಚಿಕ್ಕಮ್ಮನಿಗೆ ನಿನ್ನ ಫೋನು ಬರುತ್ತಿದೆ ಎಂದು ಗೊತ್ತಿದೆ. ಕೇಳಿದರೆ, "ಚೆನ್ನಾಗಿದ್ದಾಳೆ ಭಾವ" ಎನ್ನುತ್ತಾಳೆ, ಅಷ್ಟೇ. ಅವಳು ನನ್ನನ್ನು ಗೇಲಿ ಮಾಡುವುದನ್ನೂ ನಿಲ್ಲಿಸಿದ್ದಾಳೆ.

ನಿನ್ನೆ ನಿನ್ನ ಕಛೇರಿ ಇರಬೇಕಾಗಿದ್ದ ದಿನ. ಸಭಾಂಗಣದ ಮುಂದೆ ಹೋಗಿ ಬಂದೆ. ಬೇರೆ ಯಾರದೋ ಫೋಟೊ ಹಾಕಿದ್ದರು.

ಬೆಣೆಗಳನ್ನು ಕೊರೆದು ತೆಗೆದೆ. ಆರು ಕೀಗಳ ಮರ ಸೀಳಿತು, ನನ್ನ ಕೈ ಈಗ ಮೊದಲಿನಷ್ಟು ಗಟ್ಟಿಯಿಲ್ಲ. ಅವನ್ನು ಹೊಸದಾಗಿ ಮಾಡಿದೆ. ಸೀಸವನ್ನೆಲ್ಲ ಇದ್ದ ಜಾಗಕ್ಕೇ ಕೂರಿಸಿದ್ದೇನೆ. ಒಂದೊಂದನ್ನೂ ಮೂರು ಮೂರು ಸಲ ಅಳೆದೆ. ಎಂಬತ್ತು.

ಆಮೇಲೆ ನಿನ್ನ ಹಳೆಯ ಅಭ್ಯಾಸದ ಪುಸ್ತಕ ತೆಗೆದು, ಮೊದಲನೇ ಪಾಠದ ಐದು ಬೆರಳಿನ ಸಾಲನ್ನು ನುಡಿಸಿ ನೋಡಿದೆ. ನಲವತ್ತು ವರ್ಷ ಪಿಯಾನೋ ಮುಟ್ಟಿದ್ದೇನೆ. ಶ್ರುತಿಗೆ ಎರಡು ಸ್ವರ ಒಟ್ಟಿಗೆ ಒತ್ತಿದ್ದು ಬಿಟ್ಟರೆ ಹೀಗೆ ಕೂತಿದ್ದೇ ಇಲ್ಲ. ಗಡಿಯಾರ ಇಟ್ಟುಕೊಂಡಿದ್ದೆ. ಇಪ್ಪತ್ತು ನಿಮಿಷಕ್ಕೆ ಮೊಣಕೈವರೆಗೆ ಹಿಡಿದುಕೊಂಡಿತು. ಆ ದಿನ ಚಮಚ ಎತ್ತಲಾಗಲಿಲ್ಲ. ನೀನು ನಾಲ್ಕು ಗಂಟೆ ನುಡಿಸುತ್ತಿದ್ದೆ. ಚೋಟುದ್ದ ಇದ್ದೆ.

ಪಿಯಾನೋ ನಿನ್ನ ನೆನಪಿನಲ್ಲಿದ್ದ ಹಾಗೇ ಇದೆ. ಬಾ.

ಅಪ್ಪ

•

ನವೆಂಬರ್ 28

ಅಪ್ಪ,

ಎರಡೂ ಕಾಗದ ಬಂದಿವೆ. ಮೊದಲನೆಯದನ್ನು ಓದಿದ ದಿನ ಪರ್ಸಿನಲ್ಲಿದ್ದ ಆ ಹಿತ್ತಾಳೆಯ ತೂಕವನ್ನು ತೆಗೆದು ಎಲ್ಲೋ ಇಟ್ಟೆ. ಈಗ ಹುಡುಕಿದರೆ ಸಿಗುತ್ತಿಲ್ಲ.

ಬರುವುದಿಲ್ಲ. ಹಟದಿಂದ ಹೇಳುತ್ತಿಲ್ಲ. ಉಗ್ರಾಣದ ಆ ಪಿಯಾನೋ ಮುಂದೆ ಬೇಸಿಗೆ ಕಳೆದ ಮೇಲೆ ಹದಿನಾಲ್ಕು ಸಲ ಕೂತಿದ್ದೇನೆ. ಮೊದಲ ದಿನದ ಕಾಲು ಗಂಟೆ ಮತ್ತೆ ಬರಲಿಲ್ಲ. ಕೆಲವರಿಗೆ ಆ ಬಾಗಿಲು ಸ್ವಲ್ಪ ದಿನ ಮಾತ್ರ ತೆರೆದಿರುತ್ತದಂತೆ. ಜೂನ್ ತಿಂಗಳಲ್ಲಿ ನಮ್ಮ ಪಿಯಾನೋದಲ್ಲಿ ಸೀಸ ಇದ್ದಿದ್ದರೆ ಏನಾಗುತ್ತಿತ್ತು ಎಂದು ಡಾಕ್ಟರನ್ನು ಕೇಳಿದೆ. ಅವರು ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. ಗೊತ್ತಿಲ್ಲ ಎಂದರು. ನನಗೂ ಗೊತ್ತಿಲ್ಲ. ಇನ್ನು ತಿಳಿಯುವ ದಾರಿಯೂ ಇಲ್ಲ. ಗುಡುಗು ಎಂದು ಅವರು ಬರೆದದ್ದು ನನ್ನನ್ನೋ ಸೀಸವನ್ನೋ, ಅದೂ ತಿಳಿಯುವುದಿಲ್ಲ.

ಕ್ಷಮಿಸು ಎಂದು ನೀನು ಎರಡು ಕಾಗದದಲ್ಲೂ ಬರೆದಿಲ್ಲ. ಒಳ್ಳೆಯದೇ ಆಯಿತು. ಬರೆದಿದ್ದರೆ ನಾನು ಏನಾದರೂ ಉತ್ತರ ಕೊಡಬೇಕಾಗಿತ್ತು.

ನಾನೂ ಒಂದು ಹೇಳದೆ ಬಂದಿದ್ದೆ. ಜೂನ್ ತಿಂಗಳಲ್ಲಿ ಪಿಯಾನೋದ ಮೇಲಿನ ಎರಡು ಸ್ಥಾಯಿಯ ಸ್ವರಗಳು ಪೂರ್ತಿ ಶ್ರುತಿ ತಪ್ಪಿದ್ದವು. ಮೊದಲ ದಿನವೇ ಕೇಳಿಸಿತು. ನೀನು ಅಡುಗೆಮನೆ ಬಾಗಿಲಲ್ಲಿ ನಿಂತು ತಲೆದೂಗುತ್ತಿದ್ದೆ, ಹಾಗಾಗಿ ಸುಮ್ಮನಾದೆ. ಯಾರೂ ದೂರು ಹೇಳಿಲ್ಲ ಎಂದಿದ್ದೆಯಲ್ಲ, ಅವರೆಲ್ಲ ನಿನ್ನ ವಯಸ್ಸು ನೋಡಿ ಹೇಳುತ್ತಿಲ್ಲ. ಇನ್ನು ಯಾರ ಪಿಯಾನೋವನ್ನೂ ಮುಟ್ಟಬೇಡ. ಇದನ್ನು ಸಿಟ್ಟಿನಿಂದ ಬರೆಯುತ್ತಿದ್ದೇನೋ ಪ್ರೀತಿಯಿಂದಲೋ ಎಂದು ಒಂದು ವಾರ ಯೋಚಿಸಿದೆ. ಗೊತ್ತಾಗದೆಯೇ ಬರೆಯುತ್ತಿದ್ದೇನೆ.

ಶಾಲೆ ನಡೆಯುತ್ತಿದೆ. ಮಕ್ಕಳಿಗೆ ನಾನು ಯಾರೆಂದು ಗೊತ್ತಿಲ್ಲ. ಮೂರು ಬೆರಳಿನ ಮಿಸ್ ಎನ್ನುತ್ತಾರೆ, ನನಗೆ ಕೇಳಿಸುವುದಿಲ್ಲ ಎಂದುಕೊಂಡಿದ್ದಾರೆ. ಮೊನ್ನೆ ಏಳು ವರ್ಷದ ಒಬ್ಬಳು ನುಡಿಸುತ್ತ ನುಡಿಸುತ್ತ ನಿಲ್ಲಿಸಿ ಕೈಯನ್ನು ತೊಡೆಯ ಮೇಲೆ ಉಜ್ಜಿಕೊಂಡಳು. ಏನಾಯಿತು ಎಂದು ಕೇಳಿದೆ. ಹೇಳಲಿಲ್ಲ. ಅವಳು ನಿಲ್ಲಿಸಿದ ಕೀಯನ್ನು ನಾನೇ ಒತ್ತಿ ನೋಡಿದೆ. ಭಾರವಿತ್ತು. ಮುಚ್ಚಳ ತೆಗೆದು ನೋಡಿದರೆ ಥಂಡಿಗೆ ಮರ ಉಬ್ಬಿ ಪಕ್ಕದ್ದಕ್ಕೆ ಒತ್ತಿಕೊಂಡಿತ್ತು. "ನೋಡು ಪುಟ್ಟಾ, ಪಿಯಾನೋನೇ ಭಾರ ಆಗಿದೆ. ನಿನ್ನ ಕೈ ಸರಿಯಾಗೇ ಇದೆ" ಎಂದೆ.

"ಇಲ್ಲ ಮಿಸ್, ನನ್ನ ಕೈನೇ ಸೋಮಾರಿ" ಎಂದಳು.

ಯಾರು ಹೇಳಿದ್ದು ಎಂದು ನಾನು ಕೇಳಲಿಲ್ಲ. ಅವಳು ಮತ್ತೆ ಮೊದಲಿನಿಂದ ಶುರು ಮಾಡಿದಳು.

ನಿನ್ನ ಮಗಳು